ಉಣಕಲ್ ಕೆರೆ ದಂಡೆಗೆ ಮನೆ ಬದಲಾಯಿಸಬೇಕಾ? ಅಲ್ಲಿ ಇದ್ದವರು ಖರೆ ಹೇಳಿ

ಓಣಿ_ಹುಡುಗ
ಎಲ್ಲರಿಗೂ ನಮಸ್ಕಾರ. ನಾವು ಮೂರು ತಲೆಮಾರಿನಿಂದ ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಒಂದು ಓಣಿಯಲ್ಲಿ ಇದ್ದೇವೆ. ಗೋಡೆಗೆ ಗೋಡೆ ಹತ್ತಿದ ಮನೆ. ಪಕ್ಕದವರು ಒಗ್ಗರಣೆ ಹಾಕಿದರೆ ಸೀನುವುದು ನಾವು. ಬಿಸಿಲು ಬರುವುದು ಮೇಲಿನ ಬೆಳಕಿಂಡಿಯಿಂದ ಮಾತ್ರ, ಅದೂ ಮಧ್ಯಾಹ್ನ ಅರ್ಧ ತಾಸು. ಕಾರು ತಗೊಂಡು ನಾಲ್ಕು ವರ್ಷ ಆಯಿತು. ಅದು ಈಗಲೂ ಎರಡು ಓಣಿ ಆಚೆ, ಇನ್ನೊಬ್ಬರ ಗೋದಾಮಿನ ಮುಂದೆ ಬಾಡಿಗೆ ಕೊಟ್ಟು ನಿಲ್ಲುತ್ತಿದೆ.

ಈಗ ಉಣಕಲ್ ಕೆರೆ ಹತ್ತಿರ ಒಂದು ಎರಡು ಬೆಡ್‌ರೂಮಿನ ಫ್ಲ್ಯಾಟ್ ನೋಡಿದ್ದೇವೆ. ಮೂರನೇ ಮಹಡಿ. ಬಾಲ್ಕನಿಯಲ್ಲಿ ನಿಂತರೆ ಕೆರೆ, ನಡುವೆ ವಿವೇಕಾನಂದರ ಮೂರ್ತಿ, ಎಲ್ಲಾ ಕಾಣುತ್ತದೆ. ಹೆಂಡತಿಗೆ ಶಾಲೆ ವಿದ್ಯಾನಗರದಲ್ಲಿ, ಅವಳಿಗೆ ಹತ್ತಿರ ಆಗುತ್ತದೆ. ಮಗಳಿಗೆ ಸೈಕಲ್ ಹೊಡೆಯುವ ಆಸೆ, ನಮ್ಮ ಓಣಿಯಲ್ಲಿ ಸೈಕಲ್ ತಿರುಗಿಸಲಿಕ್ಕೂ ಜಾಗ ಇಲ್ಲ. ಆದರೆ ಅವ್ವ ಒಪ್ಪುತ್ತಿಲ್ಲ. ಅರವತ್ತೆಂಟು ವಯಸ್ಸು, ಮೊಣಕಾಲು ನೋವು. "ನೀರು ನೋಡಕೊಂತ ಕೂಡಾಕ ನಾ ಏನ್ ಬೆಳ್ಳಕ್ಕಿ ಏನೋ?" ಅನ್ನುತ್ತಾಳೆ.

ಕೆರೆ, ಪಾರ್ಕು ಪಕ್ಕದಲ್ಲಿ, ಅದೂ ಜನ ಜಾಸ್ತಿ ಇರುವ ಕಡೆ ಇದ್ದವರು ಹೇಳಿ. ದಿನಾ ಇರಲಿಕ್ಕೆ ಹೇಗೆ? ಮನೆ ತೋರಿಸುವ ಏಜೆಂಟ್ ಹೇಳುವ ಮಾತು ಬೇಡ.

ಗಿರ್ಮಿಟ್_ಗಿರಾಕಿ
ಸೊಳ್ಳೆ. ಮುಂದಿನ ಪ್ರಶ್ನೆ ಕೇಳಿ.

ಸಾಯಿನಗರ_ಅಕ್ಕ
ಒಂಬತ್ತು ವರ್ಷದಿಂದ ಇಲ್ಲೇ ಇದ್ದೇನೆ, ಹಾಗಾಗಿ ಉದ್ದ ಬರೆಯುತ್ತೇನೆ. ಬೇಜಾರಾದರೆ ಬಿಟ್ಟು ಮುಂದೆ ಹೋಗಿ.

ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಈ ಜಾಗ ಸ್ವರ್ಗ. ಚಳಿಗಾಲದಲ್ಲಿ ನೀರಿನ ಮೇಲೆ ಮಂಜು ತೆವಳುತ್ತಾ ಇರುತ್ತದೆ. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತಾ ಕೂತಿರುತ್ತದೆ, ನಮ್ಮವರು ಬನಿಯನ್ ಒಣಗಿಸಿದ ಹಾಗೆ. ನನ್ನ ಸಕ್ಕರೆ ಕಾಯಿಲೆ ಹತೋಟಿಗೆ ಬಂದಿದ್ದು ಗುಳಿಗೆಯಿಂದ ಅಷ್ಟೇ ಅಲ್ಲ, ಈ ದಾರಿಯಿಂದ. ಇದು ಒಂದು ಮುಖ.

ಇನ್ನೊಂದು ಮುಖ ರವಿವಾರ ಸಂಜೆ. ಊರಿಗೆ ಊರೇ ಬರುತ್ತದೆ. ನಿಮ್ಮ ಗೇಟಿನ ಮುಂದೆ ಯಾರದೋ ಗಾಡಿ. ಕೇಳಿದರೆ "ಎರಡ್ ನಿಮಿಷ ಅಕ್ಕಾರ, ಹುಡುಗರಿಗೆ ಗೊಂಜಾಳ ತಿನ್ನಿಸಿ ಬರ್ತೀವಿ" ಅನ್ನುತ್ತಾರೆ. ಎರಡು ನಿಮಿಷ ಅಂದರೆ ಒಂದೂವರೆ ತಾಸು. ಸೋಮವಾರ ಬೆಳಿಗ್ಗೆ ದಂಡೆ ತುಂಬಾ ಗೊಂಜಾಳದ ದಿಂಡು, ಚಾದ ಕಪ್ಪು. ಬೇರೆಯವರಿಗೆ ವಾರಕ್ಕೆ ಒಂದು ಸಲದ ಕೆರೆ, ನಮಗೆ ಏಳು ದಿನದ್ದು. ಇದು ಗೊತ್ತಿರಲಿ.

ಆಮೇಲೆ ವಾಸನೆ. ಮಾರ್ಚ್‌ನಿಂದ ಮೇ ಕೊನೆವರೆಗೆ ನೀರು ಇಳಿಯುತ್ತದೆ, ಅಂತರಗಂಗೆ ಕೊಳೆಯುತ್ತದೆ. ನಮ್ಮಲ್ಲಿ ಗಾಳಿ ಬೀಸುವುದು ಜಾಸ್ತಿ ಪಶ್ಚಿಮದಿಂದ. ಕೆರೆಯ ಪೂರ್ವಕ್ಕೆ ಮನೆ ಇದ್ದರೆ ಗಾಳಿ ನಿಮ್ಮದು, ವಾಸನೆಯೂ ನಿಮ್ಮದು. ಫ್ಲ್ಯಾಟ್ ಯಾವ ದಿಕ್ಕಿಗಿದೆ ನೋಡಿಕೊಳ್ಳಿ.

ಪದ_ಪರೀಕ್ಷಕ
ಸಣ್ಣ ತಿದ್ದುಪಡಿ ಅಕ್ಕಾ. ಉಣಕಲ್ ಕೆರೆಯಲ್ಲಿ ಹಬ್ಬುವುದು ಅಂತರಗಂಗೆ ಅಲ್ಲ. ಅಂತರಗಂಗೆ ಅಂದರೆ ಎಲೆಕೋಸಿನ ಹಾಗೆ ಮಲಗಿರುವ ಸಣ್ಣ ಗಿಡ. ಇಲ್ಲಿರುವುದು ನೇರಳೆ ಹೂ ಬಿಡುವ, ಬುಡ ಉಬ್ಬಿದ ವಾಟರ್ ಹಯಸಿಂತ್. ದಕ್ಷಿಣ ಅಮೆರಿಕದ ಗಿಡ, ಅಮೆಜಾನ್ ಕಡೆಯದು. ಹೂ ಚೆಂದ ಅಂತ ತಂದರು, ಈಗ ತೆಗೆಯಲಿಕ್ಕೆ ಆಗುತ್ತಿಲ್ಲ. ಪತ್ರಿಕೆಯವರು ಎರಡಕ್ಕೂ ಅಂತರಗಂಗೆ ಅಂತಲೇ ಬರೆಯುತ್ತಾರೆ.

ಸಾಯಿನಗರ_ಅಕ್ಕ
ಆಯ್ತು ಸರ್. ಸೊಳ್ಳೆಗೆ ಈ ವ್ಯತ್ಯಾಸ ತಿಳಿಸಿ ಹೇಳಿ, ಪುಣ್ಯ ಬರುತ್ತದೆ.

ಗಿರ್ಮಿಟ್_ಗಿರಾಕಿ
😂😂

ಜ್ವರ_ತಪಾಸಣೆ
ನಾನು ಆರೋಗ್ಯ ಇಲಾಖೆಯ ಕೆಲಸದಲ್ಲಿ ಮನೆ ಮನೆ ತಿರುಗಿದವನು. ಸೊಳ್ಳೆ ಬಗ್ಗೆ ಒಂದು ಮಾತು, ಯಾಕಂದರೆ ಎಲ್ಲರೂ ಕೆರೆಯನ್ನೇ ಬೈಯುತ್ತಾರೆ.

ಕೆರೆಯ ಕೊಳಕು ನೀರಲ್ಲಿ, ಆ ಗಿಡದ ಬೇರಿನಲ್ಲಿ ಹುಟ್ಟುವ ಸೊಳ್ಳೆ ಬೇರೆ. ರಾತ್ರಿ ಕಚ್ಚುತ್ತದೆ, ಕಿವಿ ಹತ್ತಿರ ಹಾಡುತ್ತದೆ, ನಿದ್ದೆ ಕೆಡಿಸುತ್ತದೆ. ಡೆಂಗಿ ತರುವ ಸೊಳ್ಳೆ ಬೇರೆ. ಅದಕ್ಕೆ ಸ್ವಚ್ಛ ನೀರು ಬೇಕು. ಡ್ರಮ್ಮು, ಸಿಂಟೆಕ್ಸ್, ಫ್ರಿಜ್ಜಿನ ಹಿಂದಿನ ತಟ್ಟೆ, ತುಳಸಿ ಕಟ್ಟೆಯ ಕೆಳಗಿನ ತಾಟು. ಅದು ಕಚ್ಚುವುದು ಹಗಲು. ತತ್ತಿಯಿಂದ ಸೊಳ್ಳೆ ಆಗಲಿಕ್ಕೆ ಸುಮಾರು ಎಂಟು ಹತ್ತು ದಿನ ಸಾಕು. ಈಗ ನೀವೇ ಲೆಕ್ಕ ಹಾಕಿ. ವಾರಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಪ್ರತಿ ಮನೆಯಲ್ಲೂ ನಾಲ್ಕು ಡ್ರಮ್ಮು ತುಂಬಿಟ್ಟಿರುತ್ತಾರೆ. ನಾನು ಲಾರ್ವಾ, ಅಂದರೆ ಸೊಳ್ಳೆ ಮರಿ, ನೋಡಿದ್ದು ಕೆರೆ ದಂಡೆಗಿಂತ ನಿಮ್ಮಂಥ ಹಳೆ ಓಣಿಗಳಲ್ಲೇ ಜಾಸ್ತಿ. ಕೆರೆ ಪಕ್ಕ ಬಂದರೆ ಕಿಟಕಿಗೆ ಜಾಳಿಗೆ ಹಾಕಿಸಿ. ಓಣಿಯಲ್ಲೇ ಇದ್ದರೆ ಡ್ರಮ್ಮಿಗೆ ಮುಚ್ಚಳ ಹಾಕಿ, ವಾರಕ್ಕೊಮ್ಮೆ ತಿಕ್ಕಿ ತೊಳೆಯಿರಿ.

ಓಣಿ_ಹುಡುಗ
ಇದು ನನಗೆ ಗೊತ್ತೇ ಇರಲಿಲ್ಲ ಸರ್. ನಮ್ಮ ಮನೆಯಲ್ಲಿ ಈಗಲೇ ಹೋಗಿ ಎಣಿಸಿದೆ. ಆರು ಡ್ರಮ್ಮು ಇವೆ. ಮುಚ್ಚಳ ಎರಡಕ್ಕೆ.

ಎರಿಮಣ್ಣು
ಸಿವಿಲ್ ಇಂಜಿನಿಯರ್ ನಾನು. ಗಾಳಿ, ಹಕ್ಕಿ ಎಲ್ಲಾ ಆಮೇಲೆ. ಮೊದಲು ಬುಡ ನೋಡಿ.

ಹುಬ್ಬಳ್ಳಿಯ ಬಹಳ ಕಡೆ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ, ಕೈ ತೂರಿಸುವಷ್ಟು. ಮನೆ ಮೇಲಕ್ಕೂ ಕೆಳಕ್ಕೂ ಆಡಿದ ಹಾಗೆ. ಕೆರೆ ಪಕ್ಕ ಅಂದರೆ ತೇವ ಒಂದೇ ಸಮ ಇರುವುದಿಲ್ಲ. ಕೆರೆ ಕಡೆಯ ಮೂಲೆ ಹಸಿ, ರಸ್ತೆ ಕಡೆಯ ಮೂಲೆ ಒಣ. ಆಗ ಗೋಡೆಯಲ್ಲಿ ಓರೆ ಬಿರುಕು, ಕಿಟಕಿಯ ಮೂಲೆಯಿಂದ ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಬಣ್ಣ ಹೊಸದಾಗಿ ಹೊಡೆದಿದ್ದರೆ ಅನುಮಾನ ಪಡಿ. ಕೆಳಗಿನ ಪಾರ್ಕಿಂಗ್‌ಗೆ ಹೋಗಿ ಕಂಬದ ಬುಡ ನೋಡಿ, ಉಪ್ಪು ಉಪ್ಪಾಗಿ ಬಿಳಿ ಪುಡಿ ಏಳುತ್ತಿದ್ದರೆ ತೇವ ಏರುತ್ತಿದೆ ಅಂತ ಅರ್ಥ. ಬಿಲ್ಡರ್‌ಗೆ ಒಂದೇ ಪ್ರಶ್ನೆ ಕೇಳಿ: ಬುಡ ಎಷ್ಟು ಆಳ, ಪೈಲ್ (ನೆಲದ ಆಳಕ್ಕೆ ಇಳಿಸುವ ಕಂಬ) ಹಾಕಿದ್ದೀರಾ, ಮಣ್ಣಿನ ವರದಿ ಕೊಡಿ. "ಚಿಂತಿ ಮಾಡಬ್ಯಾಡ್ರಿ ಸರ್" ಅಂದರೆ ಚಿಂತೆ ಮಾಡಿ.

ಕಾಗದ: ಉತಾರ (ಜಾಗದ ದಾಖಲೆ), ಎನ್ಎ (ಕೃಷಿಯೇತರ ಬಳಕೆಯ ಆದೇಶ), ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರಾತಿ ನಕ್ಷೆ. ಕೆರೆಯ ಗಡಿಯಿಂದ ಎಷ್ಟು ಮೀಟರ್ ದೂರ ಇದೆ ಅನ್ನುವುದನ್ನು ಸರ್ವೇಯರ್ ಕಡೆಯಿಂದ ಅಳೆಸಿ. ಈ ದೂರದ ನಿಯಮ ಕೋರ್ಟು, ಸರ್ಕಾರದ ನಡುವೆ ಹಲವು ಸಲ ಬದಲಾಗಿದೆ. ಹಸಿರು ನ್ಯಾಯಮಂಡಳಿ 2016ರಲ್ಲಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಅಂತ ಹೇಳಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಹಾಗಾಗಿ ಯಾರೋ ಬಾಯಲ್ಲಿ ಹೇಳಿದ ಅಂಕಿ ನಂಬಬೇಡಿ, ನಿಮ್ಮ ನಿವೇಶನಕ್ಕೆ ಅನ್ವಯಿಸುವುದನ್ನು ವಕೀಲರ ಹತ್ತಿರ ಬರೆಸಿಕೊಳ್ಳಿ.

ಚಿಗರಿ_ಸವಾರ
ಕೆರೆ ನೋಟ ಅಂತ ಚದರಡಿಗೆ ಇಷ್ಟು ಜಾಸ್ತಿ ಹಾಕುತ್ತಾರಲ್ಲ, ಆ ನೋಟದ ಮುಂದೆ ನಾಳೆ ಇನ್ನೊಂದು ಅಪಾರ್ಟ್‌ಮೆಂಟ್ ಎದ್ದರೆ ದುಡ್ಡು ವಾಪಸ್ ಕೊಡುತ್ತಾರಾ? ನಮ್ಮ ಭಾವನಿಗೆ ಹೀಗೇ ಆಯಿತು. ಈಗ ಅವರ ಬಾಲ್ಕನಿಯಿಂದ ಕಾಣುವುದು ಎದುರು ಮನೆಯವರ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್.

ದಾದರ್_ಧಾರವಾಡಿ
ನಾನು ಧಾರವಾಡದವನು, ಮುಂಬೈ ದಾದರ್‌ನಲ್ಲಿ ಹದಿನೆಂಟು ವರ್ಷ. ಶಿವಾಜಿ ಪಾರ್ಕ್ ಪಕ್ಕದ ಹಳೆ ಚಾಳದಂಥ ಕಟ್ಟಡ. ಒಂದು ಕಡೆ 28 ಎಕರೆ ಮೈದಾನ, ಹಿಂದೆ ಐದು ನಿಮಿಷ ನಡೆದರೆ ಸಮುದ್ರ. ಜನಸಂದಣಿ ಬಗ್ಗೆ ಹೇಳುವುದೇ ಬೇಡ. ಹಾಗಾಗಿ ನಿಮ್ಮ ಪ್ರಶ್ನೆ ನನಗೇ ಕೇಳಿದ ಹಾಗಿದೆ.

ಸಮುದ್ರದ ಪಕ್ಕ ಅಂದರೆ ಊರಲ್ಲಿ ಎಲ್ಲರೂ ಬಾಯಿ ಬಿಡುತ್ತಾರೆ. ಇಲ್ಲಿ ಕಬ್ಬಿಣ ಅನ್ನುವುದು ಉಳಿಯುವುದಿಲ್ಲ. ಕಿಟಕಿ ಸರಳು, ಎಸಿ ಹೊರಗಿನ ಪೆಟ್ಟಿಗೆ, ಗ್ಯಾಸ್ ಒಲೆ, ಎಲ್ಲಾ ಜಂಗು. ಮಳೆಗಾಲದಲ್ಲಿ ಹಪ್ಪಳ ಡಬ್ಬಿಯಲ್ಲೇ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಮೈದಾನದ ಕೆಂಪು ದೂಳು. ಅದರ ಬಗ್ಗೆ ಸುತ್ತಲಿನವರ ಜಗಳ ವರ್ಷಗಟ್ಟಲೆ ನಡೆದಿದೆ. ಗಣಪತಿ ಕಳಿಸುವ ದಿನ ಮನೆಯಿಂದ ಹೊರಗೆ ಬರಲಿಕ್ಕೇ ಆಗುವುದಿಲ್ಲ. ಸಭೆಗಳ ಗದ್ದಲ ತಡೆಯಲಾರದೆ ಜನ ಕೋರ್ಟಿಗೆ ಹೋಗಿ, 2010ರಲ್ಲಿ ಶಾಂತ ವಲಯ ಅಂತ ಆದೇಶ ತಂದರು.

ಆದರೂ ಬಿಟ್ಟು ಹೋಗಿಲ್ಲ ನೋಡಿ. ಕಾರಣ ಆ ಮೈದಾನದ ಸುತ್ತ ಇರುವ ಕಟ್ಟೆ. ಮೊಣಕಾಲೆತ್ತರದ ಗೋಡೆ ಅಷ್ಟೇ. ಸಂಜೆ ಆರಕ್ಕೆ ಅಲ್ಲಿ ಅಜ್ಜಂದಿರು, ಕಾಲೇಜು ಹುಡುಗರು, ಬಾಣಂತಿಯರು, ಕ್ರಿಕೆಟ್ ಆಡಿ ಬಂದವರು, ಎಲ್ಲಾ ಸಾಲಾಗಿ ಕೂತಿರುತ್ತಾರೆ. ನಮ್ಮ ಮನೆ 320 ಚದರಡಿ. ಬೈಠಕ್ ಖೋಲಿ ನಮಗೆ ಇಲ್ಲ, ಆ ಕಟ್ಟೆಯೇ ನಮ್ಮ ಬೈಠಕ್. ನೆಂಟರು ಬಂದರೂ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಉಣಕಲ್ ದಂಡೆಯಲ್ಲಿ ಕೂರಲಿಕ್ಕೆ ಹಾಗೆ ಜಾಗ ಇದೆಯಾ? ಟಿಕೆಟ್ ಇಲ್ಲದೆ, ಯಾರೂ ಎಬ್ಬಿಸದೆ? ಅದು ಇದ್ದರೆ ಬನ್ನಿ. ಬರೀ ಬಾಲ್ಕನಿಯಿಂದ ನೋಡುವುದಾದರೆ ಒಂದು ಫೋಟೋ ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಿ, ಅಗ್ಗ ಬೀಳುತ್ತದೆ.

ನಿವೃತ್ತ_ಗಾರ್ಡ್
ದಾದರ್ ರೈಲಿನಲ್ಲಿ ಎಷ್ಟು ಸಲ ಡ್ಯೂಟಿ ಮಾಡಿದ್ದೇನೋ. ಒಂದು ಬಿಟ್ಟಿ ಸಲಹೆ. ವಾಕಿಂಗ್‌ಗಾಗಿ ಮನೆ ಬದಲಿಸುವ ಖರ್ಚು ಯಾಕೆ ತಮ್ಮಾ? ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್ ಇದೆ, ಜಗತ್ತಿನಲ್ಲೇ ಉದ್ದ. ಹತ್ತು ರೂಪಾಯಿ ಪ್ಲಾಟ್‌ಫಾರ್ಮ್ ಟಿಕೆಟ್. ಹೋಗಿ ಬಂದರೆ ಮೂರು ಕಿಲೋಮೀಟರ್. ಮೇಲೆ ಮಾಡು, ಕೆಳಗೆ ಫರ್ಶಿ, ಮಧ್ಯ ಚಾ.

ಗಿರ್ಮಿಟ್_ಗಿರಾಕಿ
ಕಾಕಾ ಗೆದ್ದರು. ಥ್ರೆಡ್ ಬಂದ್ ಮಾಡಿ.

ಮಳೆಯೂರು
ಬಂದ್ ಮಾಡಬೇಡಿ, ನಾನು ಇನ್ನೂ ಬರೆದಿಲ್ಲ 🙂 ಹುಟ್ಟಿದ್ದು ಕೇಶ್ವಾಪುರ, ಈಗ ಕೆನಡಾದ ವ್ಯಾಂಕೂವರ್. ವೆಸ್ಟ್ ಎಂಡ್ ಅನ್ನುವ ಭಾಗದಲ್ಲಿ ಬಾಡಿಗೆಗೆ ಇದ್ದೇವೆ. ಎರಡು ಚದರ ಕಿಲೋಮೀಟರ್ ಜಾಗದಲ್ಲಿ ನಲವತ್ತೈದು ಸಾವಿರಕ್ಕೂ ಜಾಸ್ತಿ ಜನ. ಬಹುಪಾಲು ಬಾಡಿಗೆಯವರೇ. ಒಂದು ತುದಿಗೆ ಇಂಗ್ಲಿಷ್ ಬೇ ಬೀಚು, ಇನ್ನೊಂದು ತುದಿಗೆ ಸ್ಟ್ಯಾನ್ಲಿ ಪಾರ್ಕು. ಪಾರ್ಕು ಅಂದರೆ ನಮ್ಮ ಹುಬ್ಬಳ್ಳಿಯ ಗಾಜಿನ ಮನೆ ಪಾರ್ಕಿನ ಅಳತೆ ಅಂದುಕೊಳ್ಳಬೇಡಿ. ಸುಮಾರು ಸಾವಿರ ಎಕರೆ ಕಾಡು. ಅದರ ಸುತ್ತ ಸಮುದ್ರಕ್ಕೆ ಹತ್ತಿ ಕಲ್ಲಿನ ಗೋಡೆ, ಗೋಡೆ ಮೇಲೆ ನಡೆಯುವ ದಾರಿ, ಸೈಕಲ್ ದಾರಿ. 1917ರಲ್ಲಿ ಕಟ್ಟಲು ಶುರು ಮಾಡಿ ಸುತ್ತು ಮುಗಿಸಿದ್ದು 1971ರಲ್ಲಿ. ನಮ್ಮಲ್ಲಿ ಕಾಮಗಾರಿ ತಡ ಆಗುತ್ತದೆ ಅನ್ನುವವರಿಗೆ ಸಮಾಧಾನ ಆಗಲಿ ಅಂತ ಹೇಳಿದೆ.

ಇಲ್ಲಿ ಇಷ್ಟು ಜನ ಇದ್ದರೂ ಗಿಜಿಗಿಜಿ ಅನಿಸುವುದಿಲ್ಲ. ಯಾಕೆ ಅಂತ ನಾನೂ ಬಹಳ ಯೋಚಿಸಿದ್ದೇನೆ. ಕಾಡು, ಸಮುದ್ರದಿಂದ ಅಷ್ಟೇ ಅಲ್ಲ. 1970ರ ದಶಕದಿಂದ ಇಲ್ಲಿನ ಒಳ ಓಣಿಗಳನ್ನು ಅಲ್ಲಲ್ಲಿ ಕಾರಿಗೆ ಮುಚ್ಚಿ, ಆ ರಸ್ತೆಯ ತುಂಡಿನಲ್ಲೇ ಗಿಡ, ಬೆಂಚು ಹಾಕಿದರು. ಕಾರಿನವರು ಅಡ್ಡದಾರಿ ಹಿಡಿಯಲಿಕ್ಕೆ ಆಗುವುದಿಲ್ಲ. ಕಾಯಿಪಲ್ಯ ತರಲಿಕ್ಕೆ ಹೋದರೆ ಗದ್ದಲದ ರಸ್ತೆ ದಾಟದೆ ಬೀಚಿನವರೆಗೂ ಹೋಗಬಹುದು. ಉಣಕಲ್‌ನಲ್ಲಿ ನಿಮ್ಮ ಅವ್ವ ಮನೆಯಿಂದ ಕೆರೆಗೆ ಹೋಗಬೇಕಾದರೆ ಪಿಬಿ ರೋಡ್ (ಹಳೆ ಪುಣೆ-ಬೆಂಗಳೂರು ರಸ್ತೆ) ದಾಟಬೇಕಾ? ಹಾಗಿದ್ದರೆ ಆ ಕೆರೆ ಅವರ ಪಾಲಿಗೆ ಇಲ್ಲ ಅಂತಲೇ ಲೆಕ್ಕ. ನಾನು ಮೊದಲು ಕೇಳುವ ಪ್ರಶ್ನೆ ಇದೇ.

ಬೀಚು ಅಂದರೂ ದಿನಾ ಹಬ್ಬ ಅಲ್ಲ. ಚಳಿಗಾಲದಲ್ಲಿ ಸಂಜೆ ನಾಲ್ಕೂಕಾಲಿಗೆ ಕತ್ತಲು, ತಿಂಗಳುಗಟ್ಟಲೆ ಜಿಟಿಜಿಟಿ ಮಳೆ. ಕಸದ ಡಬ್ಬಿಗೆ ರಕೂನ್ ಅಂತ ಒಂದು ಪ್ರಾಣಿ ಬರುತ್ತದೆ, ನಮ್ಮ ಓಣಿ ಬೆಕ್ಕಿಗಿಂತ ಜಾಣ.

ಖಡಕ್_ರೊಟ್ಟಿ
ಕೆನಡಾ ಕಥೆ ಹೇಳಿ ಏನು ಪ್ರಯೋಜನ ಸರ್? ಅಲ್ಲಿ ಜನ ಎಷ್ಟು, ದುಡ್ಡು ಎಷ್ಟು. ಇಲ್ಲಿ ರಸ್ತೆ ಮುಚ್ಚಿ ಬೆಂಚು ಹಾಕಿದರೆ ಮರುದಿನ ಬೆಂಚಿನ ಮೇಲೆ ಪಾನ್ ಡಬ್ಬಿ ಅಂಗಡಿ.

ಮಳೆಯೂರು
ಜನ ಎಷ್ಟು ಅಂದಿರಲ್ಲ. ಹುಬ್ಬಳ್ಳಿ-ಧಾರವಾಡ 2011ರ ಜನಗಣತಿಯಲ್ಲಿ 9.43 ಲಕ್ಷ, ಊರಿನ ವಿಸ್ತಾರ ಸುಮಾರು 200 ಚದರ ಕಿಲೋಮೀಟರ್. ಅಂದರೆ ಚದರ ಕಿಲೋಮೀಟರಿಗೆ ಐದು ಸಾವಿರದ ಆಸುಪಾಸು. ನನ್ನ ವೆಸ್ಟ್ ಎಂಡ್‌ನಲ್ಲಿ ಇಪ್ಪತ್ತು ಸಾವಿರದ ಮೇಲೆ. ಇಕ್ಕಟ್ಟು ವೆಸ್ಟ್ ಎಂಡ್‌ನಲ್ಲೇ ಜಾಸ್ತಿ.

ಖಡಕ್_ರೊಟ್ಟಿ
ಇಡೀ ಊರಿನ ಸರಾಸರಿ ಹಿಡಿದು ಒಂದು ಪೇಟೆ ಜೊತೆ ಹೋಲಿಸುತ್ತೀರಲ್ಲ. ಹೊಲ, ಗುಡ್ಡ, ನವನಗರದ ಖಾಲಿ ಸೈಟು ಎಲ್ಲಾ ಸೇರಿಸಿ ಲೆಕ್ಕ ಹಾಕಿದ್ದೀರಿ. ಬರೀ ಕಮರಿಪೇಟೆ, ದಾಜಿಬಾನ್ ಪೇಟೆ ತಗೊಂಡು ಹೇಳಿ ನೋಡೋಣ.

ಮಳೆಯೂರು
ಅದು ಸರಿ. ಒಪ್ಪಿದೆ.

ಪದ_ಪರೀಕ್ಷಕ
ಈ ವೇದಿಕೆಯಲ್ಲಿ ಯಾರೋ "ಒಪ್ಪಿದೆ" ಅಂದಿದ್ದು ನಾನು ನೋಡಿದ್ದು ಇದೇ ಮೊದಲು.

ಸಾಧನಕೇರಿ_ಸೋಮಾರಿ
ಇಷ್ಟೆಲ್ಲಾ ಯಾಕೆ, ಧಾರವಾಡಕ್ಕೆ ಬನ್ನಿ. ಕೆರೆ ಬೇಕಾ, ಸಾಧನಕೇರಿ ಇದೆ, ಕೆಲಗೇರಿ ಇದೆ. ಬೇಂದ್ರೆ ಅಜ್ಜ ಇದ್ದ ಜಾಗ. ಗಿಡ ಬೇಕಾ, ಕರ್ನಾಟಕ ವಿಶ್ವವಿದ್ಯಾಲಯದ ಆವರಣ ತುಂಬಾ ಗಿಡವೇ. ಮಣ್ಣು ಕೆಂಪು, ಮನೆ ಬಿರುಕು ಬಿಡುವುದು ಕಡಿಮೆ. ಮಧ್ಯಾಹ್ನ ನಿದ್ದೆಗೆ ಊರೇ ಸಹಕಾರ ಕೊಡುತ್ತದೆ.

ಚಿಗರಿ_ಸವಾರ
ನಿದ್ದೆಗೆ ಸಹಕಾರ ಖರೆ. ರಾತ್ರಿ ಒಂಬತ್ತರ ಮೇಲೆ ಒಂದು ಗುಳಿಗೆ ಬೇಕಂದರೆ ಹುಬ್ಬಳ್ಳಿಗೇ ಬರಬೇಕು.

ಸಾಧನಕೇರಿ_ಸೋಮಾರಿ
ಸುಮ್ನೆ ಹೇಳಬೇಡಿ. ಹತ್ತರವರೆಗೂ ತೆರೆದಿರುತ್ತದೆ. ಆಮೇಲೆ ನಮಗೆ ಕಾಯಿಲೆಯೇ ಬರುವುದಿಲ್ಲ.

ಗದಗದ_ಗಾಳಿ
ನೀವು ಉಣಕಲ್‌ಗೆ ಕಿತ್ತಾಡಿ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆ ತಲೆಯ ಹೆಬ್ಬಾತು ಸಾವಿರಗಟ್ಟಲೆ ಬರುತ್ತವೆ. ಹಿಮಾಲಯ ದಾಟಿ ಬರುವ ಹಕ್ಕಿ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ, ಸೇರಿತು. ಹಕ್ಕಿಗಳು ರಾತ್ರಿ ಹೊಲದಲ್ಲಿ ಮೇಯುತ್ತವೆ, ಹಗಲು ನೀರಲ್ಲಿ ಕೂರುತ್ತವೆ. ಕಡಲೆ ಬೆಳೆದ ರೈತರಿಗೆ ಮಾತ್ರ ಅವು ಅತಿಥಿಯೋ ಕಳ್ಳರೋ ಅನ್ನುವ ಗೊಂದಲ. ಕೆರೆ ಪಕ್ಕ ಇರುವುದು ಎಲ್ಲಾ ಕಡೆ ಹೀಗೇ ಅನಿಸುತ್ತದೆ, ನೋಡುವವರಿಗೆ ಒಂದು ಥರ, ಅಲ್ಲೇ ಬದುಕುವವರಿಗೆ ಇನ್ನೊಂದು ಥರ.

ಹೊಸಿಲು
ನಾನು ಸಾಮಾನ್ಯವಾಗಿ ಓದಿ ಹೋಗುತ್ತೇನೆ, ಬರೆಯುವುದಿಲ್ಲ. ಆದರೆ ಇಲ್ಲಿ ಎಲ್ಲರೂ ಕೆರೆ, ಸೊಳ್ಳೆ, ಮಣ್ಣು ಅಂದಿರಿ. ಅವ್ವನ ಬಗ್ಗೆ ಮಾತಾಡಿದವರು ಕಡಿಮೆ.

ನಾವು ಐದು ವರ್ಷದ ಹಿಂದೆ ಹಳೆ ಹುಬ್ಬಳ್ಳಿಯ ಓಣಿ ಬಿಟ್ಟು ಪಾರ್ಕ್ ಪಕ್ಕದ ಮನೆಗೆ ಬಂದೆವು. ಒಳ್ಳೆಯ ಮನೆ. ಅತ್ತೆಯವರನ್ನೂ ಕರೆತಂದೆವು. ಓಣಿಯಲ್ಲಿ ಅವರ ದಿನ ಹೇಗಿತ್ತು ಅಂದರೆ, ಬೆಳಿಗ್ಗೆ ಹೊಸಿಲ ಮೇಲೆ ಕೂತು ಮೆಂತ್ಯ ಪಲ್ಯ ಸೋಸುವುದು. ಹೋಗುವವರು ಬರುವವರು "ಏನ್ರಿ ಅತ್ತಿ, ಕಾಲ್ನೋವು ಹ್ಯಾಂಗೈತಿ" ಅನ್ನುವುದು. ಹಾಲಿನವನು, ಹೂವಿನವಳು, ಎದುರು ಮನೆ ಸೊಸೆ. ಎದ್ದು ಎಲ್ಲೂ ಹೋಗಬೇಕಿರಲಿಲ್ಲ. ಊರೇ ಅವರ ಹೊಸಿಲ ಮುಂದೆ ಹಾದು ಹೋಗುತ್ತಿತ್ತು. ಹೊಸ ಮನೆಯಲ್ಲಿ ಪಾರ್ಕು ನೂರು ಹೆಜ್ಜೆ. ಆದರೆ ಮೂರನೇ ಮಹಡಿ. ಕರೆಂಟ್ ಹೋದರೆ ಲಿಫ್ಟ್ ಬಂದ್. ಮೊದಲ ಮೂರು ತಿಂಗಳು ಅವರು ಪಾರ್ಕಿಗೆ ಹೋಗಿದ್ದು ನಾಲ್ಕು ಸಲ. ಬಾಲ್ಕನಿಯಲ್ಲಿ ಕೂತು ಕೆಳಗೆ ನೋಡುತ್ತಿದ್ದರು. ಮಾತು ಕಡಿಮೆ ಆಯಿತು. ಪಲ್ಯ ಸೋಸುವುದನ್ನೂ ಬಿಟ್ಟರು, "ಒಬ್ಬಾಕೀನ ಕೂತ್ ಏನ್ ಸೋಸೂದು" ಅಂತ.

ಆಮೇಲೆ ಅದೇ ಕಟ್ಟಡದಲ್ಲಿ ಕೆಳಗಿನ ಮನೆ ಖಾಲಿ ಆಯಿತು. ಬಾಡಿಗೆ ಹೆಚ್ಚು ಕೊಟ್ಟು ಅಲ್ಲಿಗೆ ಇಳಿದೆವು. ನೋಟ ಹೋಯಿತು, ಕಾಂಪೌಂಡ್ ಗೋಡೆ ಬಿಟ್ಟರೆ ಏನೂ ಕಾಣುವುದಿಲ್ಲ. ಆದರೆ ಅತ್ತೆ ತಾವೇ ಬಾಗಿಲು ತೆಗೆದು ಹೊರಗೆ ಹೋಗಲು ಶುರು ಮಾಡಿದರು. ಈಗ ಪಾರ್ಕಿನಲ್ಲಿ ಅವರದೊಂದು ಗುಂಪೇ ಇದೆ, ಭಜನೆಯದ್ದು ಅಂತ ಹೆಸರು, ಮಾತು ಮಾತ್ರ ಸೊಸೆಯರದ್ದು. ನಿಮ್ಮ ಅವ್ವ ಬೇಡ ಅನ್ನುತ್ತಿರುವುದು ಕೆರೆಯನ್ನಲ್ಲ, ಮೂರನೇ ಮಹಡಿಯನ್ನು ಇರಬಹುದು. ಒಮ್ಮೆ ಕೇಳಿ ನೋಡಿ ಅಣ್ಣಾ.

ಸಾಯಿನಗರ_ಅಕ್ಕ
ಇದನ್ನು ನಾನು ಬರೆಯಬೇಕಿತ್ತು. ನನ್ನ ಅಮ್ಮನದೂ ಇದೇ ಕಥೆ.

ಓಣಿ_ಹುಡುಗ
ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅವ್ವ ಕೂಡ ದಿನಾ ಹೊಸಿಲ ಮೇಲೇ ಕೂರುತ್ತಾಳೆ. ಇಷ್ಟು ವರ್ಷ ಅವಳು ದಾರಿಗೆ ಅಡ್ಡ ಕೂತಿದ್ದಾಳೆ ಅಂತಲೇ ಬೈಯುತ್ತಿದ್ದೆ.

ಮಳೆಯೂರು
ಹೊಸಿಲು ಅವರು ಹೇಳಿದ್ದು ನೂರಕ್ಕೆ ನೂರು. ಇಲ್ಲೂ ಬಹುಮಹಡಿಯಲ್ಲಿ ಒಬ್ಬರೇ ಇರುವ ವಯಸ್ಸಾದವರು ಬಹಳ. ಅವರು ಬೀಚಿಗೆ ಬರುವುದು ನೀರಿಗಲ್ಲ, ಬೆಂಚಿಗೆ. ದಂಡೆಗೆ ದೊಡ್ಡ ದೊಡ್ಡ ಮರದ ದಿಮ್ಮಿ ಸಾಲಾಗಿ ಹಾಕಿದ್ದಾರೆ, ಅದಕ್ಕೆ ಬೆನ್ನು ಕೊಟ್ಟು ಕೂತರೆ ಪಕ್ಕದವರು ತಾವಾಗಿ ಮಾತಿಗೆ ಬರುತ್ತಾರೆ.

ಒಂದು ಮಜಾ ಹೇಳುತ್ತೇನೆ. 2021ರ ನವೆಂಬರಿನಲ್ಲಿ ಬಿರುಗಾಳಿಗೆ ಒಂದು ದೊಡ್ಡ ಖಾಲಿ ಸರಕು ದೋಣಿ (ಬಾರ್ಜ್) ಕಟ್ಟು ಕಿತ್ತುಕೊಂಡು ಬಂದು ನಮ್ಮ ಸನ್‌ಸೆಟ್ ಬೀಚಿನ ಕಲ್ಲಿಗೆ ಸಿಕ್ಕಿಕೊಂಡಿತು. ಎಳೆದರೂ ಬರಲಿಲ್ಲ. ಕೊನೆಗೆ ಅಲ್ಲೇ ತುಂಡು ಮಾಡಿ ತೆಗೆಯಲಿಕ್ಕೆ ಸುಮಾರು ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಜನಕ್ಕೆ ಅದರ ಮೇಲೆ ಪ್ರೀತಿ ಹುಟ್ಟಿತ್ತು! ಎಲ್ಲರೂ ಹೋಗಿ ಫೋಟೋ ತೆಗೆಸಿಕೊಂಡರು. ಪಾರ್ಕಿನವರೇ ತಮಾಷೆಗೆ ಒಂದು ಹೆಸರಿನ ಫಲಕ ನೆಟ್ಟರು. ನನ್ನ ಅಪ್ಪ ಆಗ ಬಂದಿದ್ದರು. ದಿನಾ ಬೆಳಿಗ್ಗೆ "ಬಾರ್ಜ್ ಏನ್ ಮಾಡಾಕತ್ತೈತಿ ನೋಡ್ಕೊಂಡ್ ಬರ್ತೀನಿ" ಅಂತ ಹೋಗುತ್ತಿದ್ದರು. ಅದು ಏನೂ ಮಾಡುತ್ತಿರಲಿಲ್ಲ. ಆದರೆ ಅದನ್ನು ನೋಡಲು ಬಂದ ಇನ್ನೂ ನಾಲ್ಕು ಜನ ಅಜ್ಜಂದಿರು ಇವರ ದೋಸ್ತರಾದರು. ಒಬ್ಬರಿಗೂ ಇನ್ನೊಬ್ಬರ ಭಾಷೆ ಬರುತ್ತಿರಲಿಲ್ಲ.

ನಿವೃತ್ತ_ಗಾರ್ಡ್
ನಿಂತ ಗೂಡ್ಸ್ ಗಾಡಿ ನೋಡಲು ನಮ್ಮಲ್ಲೂ ಜನ ಸೇರುತ್ತಾರೆ. ಅಪ್ಪನವರಿಗೆ ನಮಸ್ಕಾರ ತಿಳಿಸಿ.

ಖಡಕ್_ರೊಟ್ಟಿ
ಸರಿ, ಕೆನಡಾ ಕಥೆ ಬೇಡ ಅಂದಿದ್ದು ವಾಪಸ್ ತಗೊಂಡೆ. ಇಂಥದ್ದಾದರೆ ಹೇಳಿ.

ನನ್ನದೊಂದು ಸಲಹೆ. ಮನೆ ತೋರಿಸುವವರು ಯಾವಾಗಲೂ ಬೆಳಿಗ್ಗೆ ಕರೆಯುತ್ತಾರೆ. ನೀವು ಹೇಳದೆ ಹೋಗಿ. ರವಿವಾರ ಸಂಜೆ ಏಳಕ್ಕೆ ಒಮ್ಮೆ, ಗಾಡಿ ನಿಲ್ಲಿಸಲು ಜಾಗ ಸಿಗುತ್ತಾ ನೋಡಿ. ಮದುವೆ ಸೀಸನ್ನಿನಲ್ಲಿ ರಾತ್ರಿ ಹನ್ನೊಂದಕ್ಕೆ ಒಮ್ಮೆ. ಡಿಜೆ ಸದ್ದು ನೀರಿನ ಮೇಲೆ ಬಹಳ ದೂರ ಬರುತ್ತದೆ. ಜೋರು ಮಳೆ ಬಂದ ಮರುದಿನ ಒಮ್ಮೆ, ನಾಲಾ ಕಡೆ ನೀರು ಎಲ್ಲಿವರೆಗೆ ಏರಿತ್ತು ಅಂತ ಗೋಡೆ ಮೇಲೆ ಗುರುತು ಇರುತ್ತದೆ. ವಾಚ್‌ಮನ್‌ಗೆ ಒಂದು ಚಾ ಕುಡಿಸಿ, ಬಿಲ್ಡರ್ ಹೇಳದ್ದು ಅವನು ಹೇಳುತ್ತಾನೆ.

ಜ್ವರ_ತಪಾಸಣೆ
ಮತ್ತೆ ನೀರು ಎಷ್ಟು ದಿನಕ್ಕೊಮ್ಮೆ ಅಂತ ಕೇಳಿ. 2008ರಲ್ಲಿ ಅವಳಿ ನಗರದ ಕೆಲವು ವಾರ್ಡಿಗೆ ಇಪ್ಪತ್ನಾಲ್ಕು ತಾಸು ನೀರು ಬಂತು, ಉಳಿದವರು ಇನ್ನೂ ಪಾಳಿ ಕಾಯುವವರೇ. ಎದುರಿಗೆ 200 ಎಕರೆ ಕೆರೆ, ನಲ್ಲಿಯಲ್ಲಿ ನೀರಿಲ್ಲ ಅನ್ನುವ ಸ್ಥಿತಿ ಬರಬಾರದು. ನಾವು ಕುಡಿಯುವುದು ಮಲಪ್ರಭಾ ನೀರು, ಕೆರೆಯದ್ದಲ್ಲ.

ಚಿಗರಿ_ಸವಾರ
ಯಾರಿಗಾದರೂ ಉಣಕಲ್ ಕ್ರಾಸ್ ಹತ್ತಿರ ಮಿರ್ಚಿ ಚಲೋ ಮಾಡುವವರು ಗೊತ್ತಾ? ಇದು ಮನೆ ಆಯ್ಕೆಗೆ ಮುಖ್ಯ.

ಗಿರ್ಮಿಟ್_ಗಿರಾಕಿ
ಕಡೆಗೂ ಒಂದು ಗಂಭೀರ ಪ್ರಶ್ನೆ.

ಓಣಿ_ಹುಡುಗ
ಮೂರು ವಾರ ಆಯಿತು, ಏನಾಯಿತು ಅಂತ ಹೇಳುವುದು ನ್ಯಾಯ.

ಖಡಕ್_ರೊಟ್ಟಿ ಹೇಳಿದ ಹಾಗೆ ರವಿವಾರ ಸಂಜೆ ಹೋದೆ. ಗಾಡಿ ನಿಲ್ಲಿಸಲು ನಲವತ್ತು ನಿಮಿಷ. ವಾಚ್‌ಮನ್‌ಗೆ ಚಾ ಕುಡಿಸಿದೆ. ಕಳೆದ ಮಳೆಗಾಲದಲ್ಲಿ ಪಾರ್ಕಿಂಗ್‌ನಲ್ಲಿ ಮೊಣಕಾಲವರೆಗೆ ನೀರು ನಿಂತಿತ್ತಂತೆ. ಎರಿಮಣ್ಣು ಸರ್, ಕಂಬದ ಬುಡದಲ್ಲಿ ಬಿಳಿ ಪುಡಿ ಇತ್ತು, ಮೇಲೆ ಹೊಸ ಬಣ್ಣ. ಮಣ್ಣಿನ ವರದಿ ಕೇಳಿದೆ. "ಚಿಂತಿ ಮಾಡಬ್ಯಾಡ್ರಿ ಸರ್" ಅಂದರು. ಆ ಫ್ಲ್ಯಾಟ್ ಬಿಟ್ಟೆವು.

ಅವ್ವನನ್ನು ಕೇಳಿದೆ, ಕೆರೆ ಬೇಡವಾ ಮಹಡಿ ಬೇಡವಾ ಅಂತ. "ಮ್ಯಾಲ ಕೂತ್ರ ನನ್ನ ಯಾರ್ ಮಾತಾಡಸ್ತಾರೋ?" ಅಂದಳು. ಅಷ್ಟೇ. ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೋದೆ. ಮೊದಲು ಚಂದ್ರಮೌಳೇಶ್ವರ ಗುಡಿ, ಆಮೇಲೆ ಸಿದ್ಧಪ್ಪಜ್ಜನ ಮಠ, ಆಮೇಲೆ ದಂಡೆ. ಕೂತ ಹತ್ತು ನಿಮಿಷದಲ್ಲಿ ಪಕ್ಕದ ಹೆಂಗಸು ನವಲಗುಂದದವರು, ಅವ್ವನ ತವರಿನ ಕಡೆಯವರು ಅಂತ ಗೊತ್ತಾಯಿತು. ನಾನು ಎರಡು ಸುತ್ತು ಹೊಡೆದು ಬಂದರೂ ಏಳಲಿಲ್ಲ.

ಈಗ ಖರೀದಿ ಬಿಟ್ಟು, ಉಣಕಲ್ ಊರೊಳಗೇ ಒಂದು ಹಳೆ ಮನೆಯ ಕೆಳಗಿನ ಭಾಗ ಬಾಡಿಗೆಗೆ ಹಿಡಿದಿದ್ದೇವೆ. ಹನ್ನೊಂದು ತಿಂಗಳ ಕರಾರು. ಕೆರೆ ಕಾಣುವುದಿಲ್ಲ, ನಡೆದರೆ ಆರು ನಿಮಿಷ, ದೊಡ್ಡ ರಸ್ತೆ ದಾಟುವ ಹಾಗಿಲ್ಲ. ಓಣಿ ಇಲ್ಲೂ ಇಕ್ಕಟ್ಟೇ, ಆದರೆ ಹೊಸಿಲು ಅಗಲ ಇದೆ. ಅವ್ವ ಮೊದಲು ನೋಡಿದ್ದು ಅದನ್ನೇ. ಓಣಿ ಮನೆಗೆ ಬೀಗ ಹಾಕಿಲ್ಲ, ತಮ್ಮ ಇದ್ದಾನೆ. ಬೇಡ ಅನಿಸಿದರೆ ವಾಪಸ್. ಡ್ರಮ್ಮಿಗೆಲ್ಲಾ ಮುಚ್ಚಳ ಹಾಕಿಸಿದೆ, ಆರಕ್ಕೂ.

ಹೊಸಿಲು
ಬಹಳ ಖುಷಿ ಆಯಿತು. ಅವ್ವನಿಗೆ ಒಂದು ದಪ್ಪ ಚಾಪೆ ಕೊಡಿಸಿ, ಕಲ್ಲು ಹೊಸಿಲು ಚಳಿಗೆ ತಣ್ಣಗೆ ಹತ್ತುತ್ತದೆ.

ಸಾಯಿನಗರ_ಅಕ್ಕ
ರವಿವಾರ ಸಂಜೆ ನೆಂಟರನ್ನು ಕರೆಯಬೇಡಿ, ಬಂದರೂ ಕಾರು ತರಬೇಡಿ ಅನ್ನಿ. ಬೆಳಿಗ್ಗೆ ದಂಡೆಯಲ್ಲಿ ಸಿಗೋಣ, ಹಸಿರು ಶಾಲು ಹೊದ್ದುಕೊಂಡು ನಡೆಯುವವಳು ನಾನೇ.

ಚಿಗರಿ_ಸವಾರ
ಎಲ್ಲಾ ಸರಿ. ಮಿರ್ಚಿ ಎಲ್ಲಿ ಅಂತ ಯಾರೂ ಹೇಳಲೇ ಇಲ್ಲ.